ಕಡಲು ಯಾವ ದಿಕ್ಕಿಗೆ

ನನ್ನ ಗಂಡನಿಗೆ ಗಾಲ್ಫ್ ಆಟದ ಹುಚ್ಚು ಹಿಡಿದದ್ದು ಐವತ್ತೆಂಟನೆಯ ವಯಸ್ಸಿನಲ್ಲಿ, ಸಕ್ಕರೆ ಕಾಯಿಲೆಯ ದೆಸೆಯಿಂದ. ದಿನಕ್ಕೆ ಒಂದು ಗಂಟೆ ನಡೆಯಿರಿ ಎಂದು ಡಾಕ್ಟರು ಹೇಳಿದರು. ಪುಣೆಯ ರಸ್ತೆಯಲ್ಲಿ ನಡೆಯುವುದಕ್ಕಿಂತ ಸಕ್ಕರೆಯೇ ವಾಸಿ ಎಂದು ಇವರು ವಾದ ಹೂಡಿದರು. ಆಗ ನಮ್ಮ ಹೋಟೆಲಿಗೆ ದಿನಾ ಇಡ್ಲಿ ತಿನ್ನಲು ಬರುತ್ತಿದ್ದ ನಿವೃತ್ತ ಮಿಲಿಟರಿ ಅಧಿಕಾರಿಯೊಬ್ಬರು, ಗಾಲ್ಫ್ ಮೈದಾನಕ್ಕೆ ನನ್ನ ಜೊತೆ ಬನ್ನಿ, ಹುಲ್ಲಿನ ಮೇಲೆ ನಡೆಯಿರಿ ಎಂದು ಕರೆದುಕೊಂಡು ಹೋದರು. ನಡೆಯಲು ಹೋದವರು ಮೂರನೆಯ ವಾರ ಕೋಲು ಹಿಡಿದರು. ಆರನೆಯ ತಿಂಗಳು ಸ್ವಂತ ಚೀಲ, ಸ್ವಂತ ಕೋಲು, ತಲೆಗೊಂದು ಬಿಳಿ ಟೋಪಿ.

ನಾನು ಮೊದಲಿನಿಂದಲೂ ಅದನ್ನು ಆಟ ಎಂದು ಒಪ್ಪಿದವಳಲ್ಲ. ಹೊಡೆಯುವುದು ಒಂದು ನಿಮಿಷ, ಹೊಡೆದದ್ದನ್ನು ಹುಡುಕುವುದು ಹತ್ತು ನಿಮಿಷ. ಮನೆಯಲ್ಲಿ ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವವರಿಗೆ ಅಲ್ಲಿಯೂ ಅದೇ ಕೆಲಸ ಎಂದು ಚುಚ್ಚುತ್ತಿದ್ದೆ. ಇವರು ನಗುತ್ತಿದ್ದರು. ಮೂವತ್ತು ವರ್ಷ ಹೋಟೆಲಿನ ಗಲ್ಲಾದ ಮೇಲೆ ಕೂತ ಮನುಷ್ಯ ಬೆಳಿಗ್ಗೆ ಬೆಳಿಗ್ಗೆ ಮೈಯೆಲ್ಲ ಬಿಸಿಲು ಮಾಡಿಕೊಂಡು, ಬೂಟಿಗೆ ಹುಲ್ಲು ಅಂಟಿಸಿಕೊಂಡು ಮನೆಗೆ ಬರುವುದನ್ನು ನೋಡಲು ನನಗೂ ಸಂತೋಷವಾಗುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ.

ಗಲ್ಲಾದ ಮೇಲಿನ ಅವರ ಕಣ್ಣಿನ ಬಗ್ಗೆ ಹೇಳಲೇಬೇಕು. ಹದಿನಾಲ್ಕನೆಯ ಟೇಬಲ್ಲಿನಲ್ಲಿ ಚಟ್ನಿ ಮುಗಿದದ್ದು, ಸಪ್ಲೈಯರ್ ಲೋಟದೊಳಗೆ ಬೆರಳು ಅದ್ದಿದ್ದು, ಬಾಗಿಲಲ್ಲಿ ನಿಂತವನು ಊಟಕ್ಕೆ ಬಂದನೋ ಬರೀ ಕಾಫಿಗೋ, ಎಲ್ಲ ಅವರಿಗೆ ಕೂತಲ್ಲಿಂದಲೇ ತಿಳಿಯುತ್ತಿತ್ತು. ನಮ್ಮ ಉಡುಪಿ ಕಡೆಯ ಹೋಟೆಲಿನವರ ಬಂಡವಾಳವೇ ಆ ಕಣ್ಣು. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ, ಊಟದ ಗಲಾಟೆಯಲ್ಲಿ, ಒಳಗೆ ಬಂದ ಗಿರಾಕಿಗೆ "ತಿಕಡೆ ಬಸಾ", ಅಲ್ಲಿ ಕೂತುಕೊಳ್ಳಿ, ಎಂದು ಕುರ್ಚಿಯೊಂದನ್ನು ಕೈ ಮಾಡಿ ತೋರಿಸಿದರು. ಆ ಕುರ್ಚಿಯಲ್ಲಿ ಅಜ್ಜಿಯೊಬ್ಬರು ಕೂತು ಮೊಸರನ್ನ ತಿನ್ನುತ್ತಿದ್ದರು. ಗಿರಾಕಿ ನಕ್ಕ. ಇವರೂ ನಕ್ಕರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನಗೆ ಮಾತ್ರ ನಗು ಬರಲಿಲ್ಲ.

ಸಕ್ಕರೆ ಕಣ್ಣಿಗೆ ಇಳಿದಿತ್ತು. ಬಲಗಣ್ಣಿನ ನಡುಭಾಗ ಆಗಲೇ ಹೋಗಿದೆ ಎಂದರು ಕಣ್ಣಿನ ಡಾಕ್ಟರು. ಎಡಗಣ್ಣಿಗೆ ತಿಂಗಳಿಗೊಂದು ಇಂಜೆಕ್ಷನ್. ಒಂದೂವರೆ ವರ್ಷ ಹಾಗೆಯೇ ನಡೆಯಿತು. ಗಲ್ಲಾಕ್ಕೆ ಮೈದುನ ಬಂದು ಕೂತ. ಕಳೆದ ಸಂಕ್ರಾಂತಿ ಮುಗಿದ ಮೇಲೆ ಡಾಕ್ಟರು ನನ್ನನ್ನೂ ಒಳಗೆ ಕರೆದು, ಇಂಜೆಕ್ಷನ್ ಮೊದಲಿನ ಹಾಗೆ ಕೆಲಸ ಮಾಡುತ್ತಿಲ್ಲ, ಮಳೆಗಾಲದ ಹೊತ್ತಿಗೆ ಎಡಗಣ್ಣು ಎಷ್ಟು ಉಳಿದಿರುತ್ತದೆಂದು ಮಾತು ಕೊಡಲಾರೆ ಎಂದರು. ನಾನು ಏನೇನೋ ಕೇಳಿದೆ.

ವಾಪಸು ಬರುವಾಗ ರಿಕ್ಷಾದಲ್ಲಿ ಇವರು ಹೇಳಿದರು: "ಕಡಲಿನ ಬದಿಯಲ್ಲಿ ಒಂದು ಸಲ ಆಡ್ಬೇಕು ನಂಗೆ. ಕಡಲಿನ ಕಡೆಗೆ ಒಂದು ಚೆಂಡು ಹೊಡೀಬೇಕು, ಅದು ಹೋಗುವುದನ್ನು ನೋಡ್ಬೇಕು. ಮತ್ತೆ ಸಾಕು."

"ಕಡಲು ಬೇಕಾದ್ರೆ ಊರಿಗೆ ಹೋಗುವ" ಎಂದೆ ನಾನು.

"ಊರಿನ ಕಡಲಲ್ಲಿ ಗಾಲ್ಫ್ ಎಲ್ಲಿ ಉಂಟು ಮಾರಾಯ್ತಿ? ಒಣಗಿಸಿದ ಮೀನಿನ ಮೇಲೆ ಚೆಂಡು ಬಿದ್ರೆ ನಿನ್ನ ಅತ್ತಿಗೆಯೇ ಕೋಲು ಹಿಡ್ಕೊಂಡು ಬರ್ತಾಳೆ."

ಇದಾದ ಮೇಲೆ ನಮ್ಮ ಮನೆಯಲ್ಲಿ ಬೇರೆ ಮಾತೇ ಇಲ್ಲ. ಪುಣೆಯ ವಿಮಾನ ನಗರ ಬಡಾವಣೆಯಲ್ಲಿ ಪ್ರವಾಸದ ಆಫೀಸು ಇಟ್ಟಿದ್ದ ಹೆಂಗಸೊಬ್ಬಳು, ನಮ್ಮ ಹಳೆಯ ಗಿರಾಕಿ, ವಿಯೆಟ್ನಾಮಿನ ಕಡಲ ದಂಡೆಗೆ ಹೋಗಿ ಎಂದಳು. ಮಾರ್ಚ್ ತಿಂಗಳಲ್ಲಿ ಒಳ್ಳೆಯ ಬಿಸಿಲು, ತೆಂಗಿನ ಮರ, ಮರಳಿಗೆ ತಾಗಿಕೊಂಡೇ ಸಾಲಾಗಿ ಗಾಲ್ಫ್ ಮೈದಾನಗಳು. ಎರಡು ಇಂಜೆಕ್ಷನ್ನುಗಳ ನಡುವೆ, ಹೋಟೆಲನ್ನು ಮೈದುನನಿಗೆ ಬಿಟ್ಟು ಹೊರಡಲು ನಮಗೆ ಸಿಗುವುದು ಐದು ದಿನ, ಅದರಲ್ಲಿ ಇವರ ಕಾಲು ತಡೆದುಕೊಳ್ಳುವುದು ಎರಡು ಆಟ. ಏಳು ಮೈದಾನಗಳ ಪಟ್ಟಿಯನ್ನು ನನ್ನ ಫೋನಿಗೆ ಕಳಿಸಿ, "ತುಮ್ಹೀಚ ಠರವಾ ಕಾಕು" ಎಂದಳು. ನೀವೇ ತೀರ್ಮಾನಿಸಿ ಅಂತ.

ನೀವೇ ಅಂದರೆ ನಾನೇ. ಇವರಿಗೆ ಫೋನಿನ ಅಕ್ಷರ ಕಾಣುತ್ತಿರಲಿಲ್ಲ, ಚಿತ್ರವಂತೂ ಮಸಿ ಚೆಲ್ಲಿದ ಹಾಗೆ. ಆಟ ಗೊತ್ತಿದ್ದವರಿಗೆ ಕಣ್ಣಿಲ್ಲ, ಕಣ್ಣಿದ್ದವಳಿಗೆ ಆಟದ ತಲೆಬುಡ ಗೊತ್ತಿಲ್ಲ. ಮಧ್ಯಾಹ್ನ ಊಟ ಮುಗಿದ ಮೇಲೆ ಇಬ್ಬರೂ ಬಾಲ್ಕನಿಯಲ್ಲಿ ಕೂರುವುದು, ನಾನು ಓದುವುದು, ಅವರು ಕಣ್ಣು ಮುಚ್ಚಿಕೊಂಡು ಕೇಳುವುದು. ಹೋಟೆಲಿಗೆ ತರಕಾರಿ ಬರೆದುಕೊಳ್ಳುವ ಪುಸ್ತಕದ ಹಿಂದಿನ ಪುಟಗಳಲ್ಲಿ ಒಂದೊಂದು ಮೈದಾನಕ್ಕೆ ಒಂದೊಂದು ಹಾಳೆ ಮಾಡಿದೆ. ಹೋಲ್ ಎಂದರೆ ಬರೀ ಗುಳಿಯಲ್ಲ, ಚೆಂಡು ಹೊಡೆಯುವಲ್ಲಿಂದ ಆ ಗುಳಿಯವರೆಗಿನ ಹುಲ್ಲಿನ ದಾರಿ ಪೂರ್ತಿ ಎಂದು ನನಗೆ ತಿಳಿದದ್ದೇ ಆಗ.

"ಮೊದಲನೆಯ ಹೋಲ್ ಹೇಗುಂಟು?"

"ಹಸಿರುಂಟು."

"ಎಲ್ಲವೂ ಹಸಿರೇ ಮಾರಾಯ್ತಿ. ಏರೋ ಇಳಿಜಾರೋ?"

"ಫೋಟೋದಲ್ಲಿ ಎಂತ ಗೊತ್ತಾಗ್ತದೆ? ಕ್ಯಾಂಟೀನ್ ಚೆನ್ನಾಗಿ ಉಂಟು. ಬಟ್ಟೆಯ ಕರವಸ್ತ್ರ ಮಡಚಿ ಇಟ್ಟಿದ್ದಾರೆ."

ಹೀಗೆ ಸಾಗುತ್ತಿತ್ತು ನಮ್ಮ ಆಯ್ಕೆ. ಮೈದಾನದ ಮಣ್ಣು ನೋಡು ಎಂದರೆ ನಾನು ಅಡುಗೆಮನೆ ನೋಡುತ್ತಿದ್ದೆ. ಒಂದನ್ನು, ಮಧ್ಯೆ ಮಧ್ಯೆ ಕೆರೆಗಳಿವೆ, ಚೆಂಡೆಲ್ಲ ನೀರಿಗೆ ಹೋಗುತ್ತದೆ ಎಂದು ಅವರೇ ಬಿಟ್ಟರು. ಇನ್ನೊಂದರಲ್ಲಿ ಕಡಲು ಕಾಣುವುದು ಊಟದ ಕೋಣೆಯ ಕಿಟಕಿಯಿಂದ ಮಾತ್ರ. ಮತ್ತೊಂದರ ಹೊಗಳಿಕೆಯೇ ನಾಲ್ಕು ಪುಟವಿತ್ತು, ಅದಕ್ಕೇ ನನಗೆ ಅನುಮಾನ ಬಂತು. ಒಳ್ಳೆಯ ಹೋಟೆಲಿನ ಬೋರ್ಡು ಯಾವಾಗಲೂ ಸಣ್ಣದು. ಕೆಲವು ದಿನ ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಒಮ್ಮೆ ಫೋನನ್ನು ಕುರ್ಚಿಯ ಮೇಲೆ ಎಸೆದು, "ನಾನು ಹೇಳಿದ್ದು ತಪ್ಪಾದ್ರೆ? ಅಲ್ಲಿ ಹೋದ ಮೇಲೆ ಬೇರೆಯೇ ಇದ್ರೆ? ನಂಗೆ ಇದೆಲ್ಲ ಆಗುವುದಿಲ್ಲ" ಎಂದು ಒಳಗೆ ಹೋದೆ. ಅಡುಗೆಮನೆಯಲ್ಲಿ ನಿಂತು ಅತ್ತೂಬಿಟ್ಟೆ. ಮಗ್ಗಿ ಗೊತ್ತಿಲ್ಲದವಳ ಕೈಗೆ ಮನೆಯ ಯಜಮಾನಿಕೆ ಕೊಟ್ಟ ಹಾಗಾಗಿತ್ತು ನನ್ನ ಸ್ಥಿತಿ. ಹೊರಗೆ ಬಂದಾಗ ಅವರು ಅಲ್ಲೇ ಕೂತಿದ್ದರು. ಫೋನನ್ನು ತಡವಿ ಎತ್ತಿಕೊಂಡು, ಸರಿಯಾಗಿ ನನ್ನ ಕುರ್ಚಿಯ ಮೇಲೆ ಇಟ್ಟಿದ್ದರು.

ಕೊನೆಗೆ ಎರಡು ಉಳಿದವು. ಒಂದು ಗುಡ್ಡದ ಬುಡದಲ್ಲಿ, ಕೈಕಾಲು ಆಡಿಸಿಕೊಳ್ಳಲು. ಇನ್ನೊಂದು ಕಡಲಿನದು. ಆ ಕಡಲಿನ ಮೈದಾನದಲ್ಲಿ ಎರಡನೆಯ ಹೋಲ್ ನೇರವಾಗಿ ನೀರಿಗೆ ಮುಖ ಮಾಡಿತ್ತು. ನಿಂತು ಹೊಡೆಯುವ ಜಾಗ ಎತ್ತರದಲ್ಲಿ, ಮುಂದೆ ಮರವಿಲ್ಲ, ಗೋಡೆಯಿಲ್ಲ, ಕೆಳಗೆ ಒಂದು ಅಂಗಳದಷ್ಟು ಹುಲ್ಲು, ಅದರಾಚೆ ಬರೀ ಕಡಲು. ನಾನು ಅದನ್ನು ಓದಿ ಹೇಳಿದಾಗ ಅವರು ಕಣ್ಣು ಬಿಟ್ಟರು.

"ಇದೇ" ಎಂದರು.

ಪುಣೆಯ ಮೈದಾನದಲ್ಲಿ ಇವರ ಚೀಲ ಹೊರುವ ಕ್ಯಾಡಿ ಯಾದಗಿರಿ ಕಡೆಯವರು, ನನ್ನದೇ ವಯಸ್ಸು. ಪುಣೆಗೆ ಬಂದದ್ದು ಕಟ್ಟಡದ ಕೆಲಸಕ್ಕೆ. ಆ ಮೈದಾನದ ಸುತ್ತ ಎದ್ದ ಮನೆಗಳಿಗೆ ಇಟ್ಟಿಗೆ ಹೊತ್ತು, ಆಮೇಲೆ ಮೈದಾನದ ಒಳಗೇ ಚೀಲ ಹೊರಲು ಸೇರಿಕೊಂಡವರು. ಎರಡು ವರ್ಷದಿಂದ ಅವರೇ ಇವರ ಕಣ್ಣು. ಇವರು ಹೊಡೆದ ಕೂಡಲೇ ಹಿಂದಿನಿಂದ, "ಎಡಕ್ಕ ಹೋತ್ರಿ, ಬೇವಿನ ಗಿಡದ ಬುಡಕ್ಕ" ಎಂದು ಹೇಳುವವರು. ಹೊರಡುವ ಮುಂಚೆ ಅವರನ್ನೊಂದು ಮಾತು ಕೇಳೋಣವೆಂದು ನಾನೂ ಒಂದು ಬೆಳಿಗ್ಗೆ ಇವರ ಜೊತೆ ಮೈದಾನಕ್ಕೆ ಹೋದೆ. ತಲೆಯ ಮೇಲೆ ವಿಮಾನವೊಂದು ಕೆಳಗಿಳಿಯುತ್ತಿತ್ತು. ಅದರ ಸದ್ದು ಹೋಗುವವರೆಗೆ ಕಾದು ಕ್ಯಾಡಿ ಹೇಳಿದರು.

"ಒಂದು ನೆಪ್ಪಿಡ್ರಿ ಅಕ್ಕಾರ. ಸೂರ್ಯ ಬೆನ್ನಿಗಿ ಇರಬೇಕ್ರಿ. ಬೆನ್ನಿಗಿ ಇದ್ರ ಸಾಹೇಬ್ರಿಗಿ ಚೆಂಡು ಇನ್ನೂ ಕಾಣ್ತದ. ಎದುರಿಗಿ ಬಂದ್ರ ಏನಂದ್ರ ಏನೂ ಕಾಣಂಗಿಲ್ಲ."

"ಅದಕ್ಕೇ ಬೆಳಿಗ್ಗೆಯ ಮೊದಲ ಸರದಿ ಹಿಡಿಯುವುದು ಅಂತ ಮಾಡಿದ್ದೇನೆ" ಎಂದೆ.

ಅವರು ಚೀಲವನ್ನು ಹೆಗಲಿಗೇರಿಸಿಕೊಳ್ಳುತ್ತಾ, "ಆ ಊರಾಗ ಸಮುದ್ರ ಯಾ ದಿಕ್ಕಿಗಿ ಅದರಿ?" ಎಂದು ಕೇಳಿದರು.

ನನಗೆ ನಗು ತಡೆಯಲಾಗಲಿಲ್ಲ. "ಕಡಲು ಯಾವ ದಿಕ್ಕಿಗೆ ಇರ್ತದೆ ಮಾರಾಯ್ರೆ? ಪಶ್ಚಿಮಕ್ಕೆ."

"ನಾ ಸಮುದ್ರ ನೋಡಿಲ್ರಿ. ಅದಕ್ಕ ಕೇಳಿದೆ" ಎಂದು ಅವರೂ ನಕ್ಕರು. ಇವರು ಕೂಡ ನಕ್ಕು, ನಮ್ಮವಳು ಕಡಲ ಮಗಳು, ಅವಳಿಗೆ ಹೇಳಿಕೊಡ್ತೀರಾ ಎಂದು ತಮಾಷೆ ಮಾಡಿದರು.

ಬೆಳಿಗ್ಗೆ ಕಡಲಿಗೆ ಮುಖ ಮಾಡಿ ನಿಂತರೆ ಬಿಸಿಲು ಬೆನ್ನಿಗೆ ಬೀಳುತ್ತದೆ. ಇದು ನನಗೆ ಯಾರೂ ಕಲಿಸಿದ್ದಲ್ಲ. ನಮ್ಮ ಊರಿನಲ್ಲಿ ಬೆಳಿಗ್ಗೆ ದಂಡೆಗೆ ಹೋದರೆ ನಮ್ಮ ನೆರಳು ನಮಗಿಂತ ಮೊದಲು ನೀರಿಗಿಳಿಯುತ್ತಿತ್ತು. ಸಂಜೆ ಹೋದರೆ ಕಣ್ಣಿಗೆ ಕೈ ಅಡ್ಡ ಹಿಡಿಯಬೇಕು. ಪಡುವಣದ ಬಾಗಿಲೆಂದರೆ ಕಡಲಿನ ಬಾಗಿಲು. ಇವರ ಊರು ನಮ್ಮ ಊರಿಗೆ ನಾಲ್ಕು ಮೈಲಿ, ಅವರಿಗೂ ಅಷ್ಟೇ ಗೊತ್ತು. ಪ್ರವಾಸದ ಆಫೀಸಿನವಳು ಬೆಳಗಿನ ಸರದಿಗೆ ತುಂಬಾ ಜನ, ಮಧ್ಯಾಹ್ನದ್ದು ಸುಲಭವಾಗಿ ಸಿಗುತ್ತದೆ ಎಂದು ಎರಡು ಸಲ ಹೇಳಿದಳು. ನಾನು ಹಟ ಹಿಡಿದೆ. ಇವರೂ ನನ್ನ ಪಕ್ಕದಲ್ಲಿ ಕೂತು, "ಸಂಜೆ ಬೇಡ, ಸೂರ್ಯ ಕಡಲಿಗೆ ಇಳಿಯುವಾಗ ಕಣ್ಣಿಗೇ ಹೊಡೀತದೆ" ಎಂದರು. ಅವಳು ಅವರಿವರಿಗೆ ಫೋನು ಮಾಡಿ ಬೆಳಗಿನ ಮೊದಲ ಸರದಿಯನ್ನೇ ಗಿಟ್ಟಿಸಿಕೊಟ್ಟಳು. ನಾನು ತರಕಾರಿ ಪುಸ್ತಕದಲ್ಲಿ ಒಂದು ಚಿತ್ರ ಬರೆದೆ: ಕಡಲು, ಇವರು, ಇವರ ಹಿಂದೆ ಸೂರ್ಯ. ಇಷ್ಟು ದಿನದಲ್ಲಿ ನನಗೆ ಗೊತ್ತಿದ್ದ ಒಂದೇ ವಿಷಯ ಅದು, ಅದನ್ನು ನಾನು ಮಾಡಿದ್ದೇನೆಂದು ಒಳಗೊಳಗೇ ಹೆಮ್ಮೆಪಟ್ಟೆ.

ಹೋಳಿ ಮುಗಿದ ಮೇಲೆ ಹೊರಟೆವು. ಗುಡ್ಡದ ಮೈದಾನದಲ್ಲಿ ಇವರು ಅರ್ಧ ಆಟ ಆಡಿ ಸುಸ್ತಾದರು. ಚೆಂಡು ಹಸಿರಿನ ಮೇಲೆ ಹೋಗಿ ಹಸಿರಿನಲ್ಲೇ ಮಾಯವಾಗುತ್ತಿತ್ತು. ಪರವಾಗಿಲ್ಲ, ಇದು ಬರೀ ಅಭ್ಯಾಸ ಎಂದರು. ಎರಡು ದಿನ ಕೋಣೆಯಲ್ಲಿ ವಿಶ್ರಾಂತಿ. ನಮ್ಮ ಕೋಣೆ ಹಿಂಬದಿಯಲ್ಲಿತ್ತು, ಕಿಟಕಿ ತೆರೆದರೆ ಪಾರ್ಕಿಂಗ್ ಕಾಣುತ್ತಿತ್ತು. ಸಂಜೆ ಹೊತ್ತು ದಂಡೆಗೆ ಹೋಗೋಣ ಎಂದರೆ, "ಬೇಡ, ಸಂಜೆಯ ಬಿಸಿಲಿಗೆ ಕಣ್ಣು ದಣಿಸುವುದಿಲ್ಲ. ಕಡಲನ್ನು ಒಟ್ಟಿಗೇ ಆ ದಿನ ನೋಡ್ತೇನೆ" ಎಂದರು. ಉಪವಾಸ ಹಿಡಿದವರ ಹಾಗೆ ಕಣ್ಣನ್ನು ಉಳಿಸಿಕೊಳ್ಳುತ್ತಿದ್ದರು. ಅವರನ್ನು ಒಬ್ಬರನ್ನೇ ಬಿಟ್ಟು ಹೋಗಲು ನನಗೆ ಮನಸ್ಸಾಗಲಿಲ್ಲ. ಹಾಗಾಗಿ ನಾನೂ ಹೋಗಲಿಲ್ಲ. ಒಂದು ಸಂಜೆ ಹೋಗಿದ್ದರೆ ಸಾಕಿತ್ತು.

ಆ ದಿನ ಇನ್ನೂ ನಸುಕಿನಲ್ಲೇ ಮೈದಾನ ಸೇರಿದೆವು. ಅಲ್ಲಿ ಚೀಲ ಹೊರುವವರೆಲ್ಲ ಹೆಂಗಸರು. ನಮಗೆ ಸಿಕ್ಕವಳು ನಲವತ್ತರ ಆಸುಪಾಸಿನವಳು, ಕಣ್ಣು ಬಿಟ್ಟರೆ ಉಳಿದ ಮುಖವನ್ನೆಲ್ಲ ಬಟ್ಟೆಯಲ್ಲಿ ಸುತ್ತಿಕೊಂಡಿದ್ದಳು. ಅವಳಿಗೆ ಇಂಗ್ಲಿಷಿನ ನಾಲ್ಕೈದು ಪದ ಗೊತ್ತು. ಇವರಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ ಎಂದು ನಾನು ಕೈಸನ್ನೆಯಲ್ಲಿ ಹೇಳಿದ್ದು ಅವಳಿಗೆ ಅರ್ಥವಾಯಿತು. ಇವರ ತೋಳು ಹಿಡಿದು ಮೆಲ್ಲಗೆ ನಡೆಸಿದಳು. ಮೊದಲನೆಯ ಹೋಲ್ ಮರಗಳ ನಡುವೆ ಇತ್ತು. ಅದು ಮುಗಿಸಿ ಎತ್ತರದ ದಿಬ್ಬ ಹತ್ತಿದೆವು. ಕಡಲಿನ ಸದ್ದು ಮೊದಲು ಬಂತು, ಉಪ್ಪಿನ ವಾಸನೆ ಬಂತು. ಇವರ ನಡಿಗೆ ಜೋರಾಯಿತು.

ದಿಬ್ಬದ ಮೇಲೆ ಕಾಲಿಟ್ಟ ಕೂಡಲೇ ನನ್ನ ಕಣ್ಣು ತಾನಾಗಿ ಮುಚ್ಚಿತು. ಸೂರ್ಯ ಕಡಲಿನೊಳಗಿಂದಲೇ ಎದ್ದು ನಿಂತಿದ್ದ. ನೀರೆಲ್ಲ ಬೆಂಕಿ, ಆಕಾಶವೆಲ್ಲ ಬೆಂಕಿ, ಎರಡರ ನಡುವೆ ಗೆರೆ ಕೂಡ ಇಲ್ಲ. ಏನೋ ತಪ್ಪಾಗಿದೆ ಎಂದು ಮಾತ್ರ ಗೊತ್ತಾಯಿತು, ಏನೆಂದು ಹೊಳೆಯಲಿಲ್ಲ. ತಲೆ ತಗ್ಗಿಸಿ ಹಿಂದೆ ತಿರುಗಿದೆ. ನನ್ನ ನೆರಳು ನನ್ನ ಹಿಂದೆ, ನಾವು ಬಂದ ದಾರಿಯ ಹುಲ್ಲಿನ ಮೇಲೆ, ಉದ್ದಕ್ಕೆ ಮಲಗಿತ್ತು. ಆಗ ಗೊತ್ತಾಯಿತು. ಜಗತ್ತಿನಲ್ಲಿ ಪೂರ್ವಕ್ಕೂ ಕಡಲಿರುತ್ತದೆ ಎಂದು ನಾನು ಶಾಲೆಯಲ್ಲಿ ಓದಿದ್ದೆ, ಭೂಪಟದಲ್ಲಿ ನೋಡಿದ್ದೆ. ಆದರೆ ಏಳು ಮೈದಾನಗಳಲ್ಲಿ ಆರಿಸುವಾಗ, ಒಂದು ತಿಂಗಳು ಪೂರ್ತಿ, ಒಮ್ಮೆಯೂ ನೆನಪಾಗಿರಲಿಲ್ಲ.

ಇವರು ಟೋಪಿಯನ್ನು ಕೆಳಗೆಳೆದರು, ಕಪ್ಪು ಕನ್ನಡಕ ಹಾಕಿದರು, ತೆಗೆದರು. ಒಂದು ಕೈಯನ್ನು ಕಣ್ಣಿಗೆ ಅಡ್ಡ ಹಿಡಿದು ಬಹಳ ಹೊತ್ತು ನೋಡಿದರು.

"ಸೂರ್ಯ ಎದುರಿಗೆ ಉಂಟಲ್ಲ" ಎಂದರು. ಗದರಿದ್ದಲ್ಲ, ಕೇಳಿದ್ದು.

"ಹೌದು" ಎಂದೆ.

ನಮ್ಮ ಹಿಂದೆ, ದಿಬ್ಬದ ಕೆಳಗೆ, ಇನ್ನೊಂದು ಗುಂಪು ಕಾಯುತ್ತಿತ್ತು. ಆ ಹೆಂಗಸು ಹಳದಿ ಚೆಂಡನ್ನು ಸಣ್ಣ ಮೊಳೆಯ ಮೇಲಿಟ್ಟು, ಇವರ ಭುಜ ಹಿಡಿದು ಕಡಲಿಗೆ ನೇರ ಮಾಡಿ ನಿಲ್ಲಿಸಿದಳು. ಇವರು ಕೋಲು ಬೀಸಿದರು. ಒಂದೇ ಏಟಿಗೆ ತೆಂಗಿನಕಾಯಿ ಎರಡಾದಾಗ ಬರುವಂಥ ಶಬ್ದ ಬಂತು. ಅಷ್ಟು ಚೆನ್ನಾದ ಶಬ್ದವನ್ನು ಪುಣೆಯ ಮೈದಾನದಲ್ಲಿ ನಾನು ಒಂದು ಸಲವೂ ಕೇಳಿರಲಿಲ್ಲ. ನಾನು ಕಣ್ಣು ಅಗಲಿಸಿ ನೋಡಿದೆ. ಬೆಂಕಿ ಬಿಟ್ಟರೆ ಏನೂ ಕಾಣಲಿಲ್ಲ, ಕಣ್ಣಿನಿಂದ ನೀರು ಇಳಿಯಿತು.

"ಎಲ್ಲಿಗೆ ಹೋಯ್ತು?"

ಕ್ಯಾಡಿ ಹೆಂಗಸು ಚಪ್ಪಾಳೆ ತಟ್ಟಿದಳು. ಮುಖದ ಬಟ್ಟೆ ಸರಿಸಿ, ಕಡಲಿನ ಕಡೆ ಕೈ ಚಾಚಿ, ತನ್ನ ಭಾಷೆಯಲ್ಲಿ ಗಡಿಬಿಡಿಯಿಂದ ಏನೇನೋ ಹೇಳಿದಳು. ಬಿಸಿಲಿಗೆ ಪಳಗಿದ ಅವಳ ಕಣ್ಣು ನೋಡಿತ್ತು. ಎಲ್ಲವನ್ನೂ ನೋಡಿತ್ತು, ಎಷ್ಟು ಎತ್ತರ ಹೋಯಿತು, ಎಲ್ಲಿ ತಿರುಗಿತು, ನೀರಿನ ಮೇಲೆ ಹೇಗೆ ಹೊಳೆಯಿತು.

"ಅವಳು ಎಂತ ಹೇಳ್ತಾಳೆ?"

"ಗೊತ್ತಿಲ್ಲ."

"ನೀನು ನೋಡಿದ್ಯಾ?"

ಸುಳ್ಳು ಹೇಳಬಹುದಿತ್ತು. ಬಾಯಿಗೆ ಬಂದೂ ಇತ್ತು. ಆದರೆ ಒಂದು ತಿಂಗಳು ಅವರು ನನ್ನ ಮಾತಿನಿಂದಲೇ ಎಲ್ಲವನ್ನೂ ನೋಡಿದ್ದರು, ಅಲ್ಲಿ ನಿಂತು ಮತ್ತೊಂದು ಚಿತ್ರ ಕಟ್ಟಿಕೊಡಲು ನನ್ನಿಂದಾಗಲಿಲ್ಲ. "ಇಲ್ಲ. ನಂಗೂ ಕಾಣ್ಲಿಲ್ಲ" ಎಂದೆ.

ಅವರು ತಲೆಯಾಡಿಸಿದರು. ಕೋಲನ್ನು ಆ ಹೆಂಗಸಿನ ಕೈಗೆ ಕೊಟ್ಟರು.

ಉಳಿದ ಆಟ ಹೇಗೆ ಮುಗಿಯಿತೋ ನೆನಪಿಲ್ಲ. ಮುಗಿದ ಕೂಡಲೇ ನಾನು ಆಫೀಸಿಗೆ ಓಡಿ, ಮಧ್ಯಾಹ್ನ ಒಂದೇ ಒಂದು ಚೆಂಡು ಹೊಡೆಯಲು ಬಿಡಿ ಎಂದು ಅಂಗಲಾಚಿದೆ. ಮಧ್ಯಾಹ್ನ ಯಾವುದೋ ಕಂಪನಿಯವರು ಇಡೀ ಮೈದಾನ ಹಿಡಿದಿದ್ದರು. ಮಾರನೆಯ ಬೆಳಿಗ್ಗೆ ನಮ್ಮ ವಿಮಾನ, ಅದರ ಮಾರನೆಯ ದಿನ ಇಂಜೆಕ್ಷನ್. ಮೇಜಿನ ಹಿಂದಿನ ಹುಡುಗಿ ಎಷ್ಟು ಸಲ ಕೇಳಿದರೂ ಅಷ್ಟೇ ನಯವಾಗಿ ಇಲ್ಲ ಎಂದಳು. ಇವರು ಬಂದು ನನ್ನ ಕೈ ಹುಡುಕಿ ಹಿಡಿದು, "ಬಾ, ಹೋಗುವ" ಎಂದರು. ಕೋಣೆಯಲ್ಲಿ ನಾನು ಹೇಳಿದೆ, "ನನ್ನ ತಪ್ಪು. ಬಯ್ಯಿರಿ ಬೇಕಾದ್ರೆ." ಅವರು ಬೂಟಿನ ದಾರ ಬಿಚ್ಚುತ್ತಾ, "ನಂಗೂ ಹೊಳೆಯಲಿಲ್ಲ ಅಲ್ವಾ" ಎಂದರು. ಬೈದಿದ್ದರೆ ಒಳ್ಳೆಯದಿತ್ತು.

ಮಳೆ ಹಿಡಿಯುವ ಹೊತ್ತಿಗೆ ಎಡಗಣ್ಣೂ ಮಬ್ಬಾಯಿತು. ಈಗ ಬೆಳಕು ಯಾವುದು, ಮನುಷ್ಯ ಯಾವುದು ಎಂದು ತಿಳಿಯುತ್ತದೆ, ಮುಖ ತಿಳಿಯುವುದಿಲ್ಲ. ವಿಯೆಟ್ನಾಮಿನಿಂದ ಬಂದ ಮೇಲೆ ಇವರು ಪುಣೆಯ ಮೈದಾನದ ಕಡೆ ಹೋಗಿರಲೇ ಇಲ್ಲ; ಅಲ್ಲೇ ಬಿಟ್ಟಿದ್ದ ಚೀಲವನ್ನು ವಾಪಸು ತರಲೆಂದು ಒಂದು ಬೆಳಿಗ್ಗೆ ಇಬ್ಬರೂ ಮೈದಾನಕ್ಕೆ ಹೋದೆವು. ಹುಲ್ಲೆಲ್ಲ ಒದ್ದೆಯಾಗಿತ್ತು. ಯಾದಗಿರಿಯ ಆ ಕ್ಯಾಡಿ ಓಡಿ ಬಂದು ಇವರ ಕೈ ಹಿಡಿದುಕೊಂಡರು. ಕೋಲುಗಳನ್ನು ಒಂದೊಂದಾಗಿ ಒರೆಸಿ ಚೀಲದಲ್ಲಿಟ್ಟು, ಇಷ್ಟು ದಿನ ಕಾದಿದ್ದನ್ನು ಕೇಳಿದರು.

"ಸಾಹೇಬ್ರ, ಸಮುದ್ರದಾಗ ಚೆಂಡು ಹೋಗೂದು ಕಂಡ್ತೇನ್ರಿ?"

ನಾನು ಬಾಯಿ ತೆರೆಯುವ ಮೊದಲೇ ಇವರು, "ಕಂಡಿತು. ಚೆನ್ನಾಗಿ ಕಂಡಿತು" ಎಂದರು.

"ಸೂರ್ಯ ಬೆನ್ನಿಗಿ ಇತ್ತೇನ್ರಿ?"

"ಬೆನ್ನಿಗೇ ಇತ್ತು."

"ಮತ್ತ ಅಕ್ಕಾರು ಹೇಳಿದಂಗ ಆತು ಬಿಡ್ರಿ. ಸಮುದ್ರ ಪಶ್ಚಿಮಕ್ಕ."

"ಹೌದು ಮತ್ತೆ, ಪಶ್ಚಿಮಕ್ಕೇ" ಎಂದರು ಇವರು, ನಾನಿರುವ ಕಡೆಗೆ ಸುಮಾರಾಗಿ ಮುಖ ತಿರುಗಿಸಿ. ಆ ಮನುಷ್ಯ ಸಂತೋಷದಿಂದ ನನ್ನನ್ನು ನೋಡಿ ನಕ್ಕರು. ನಾನು ನನ್ನ ಕೈಚೀಲದಿಂದ ನೀರಿನ ಬಾಟಲಿ ತೆಗೆದು ಇವರಿಗೆ ಕೊಟ್ಟೆ. ಅವರು ಚಾಚಿದ ಕೈ ಬೇರೆ ಕಡೆಗಿತ್ತು, ಅದನ್ನು ಹಿಡಿದು ಬೆರಳುಗಳನ್ನು ಬಾಟಲಿಯ ಸುತ್ತ ನಾನೇ ಮಡಚಿದೆ.